ಡೀಸೆಲ್ ಎಂಬ ಮನುಷ್ಯ

ಶುಕ್ರವಾರ ರಾತ್ರಿ ಪುಣೆಯಲ್ಲಿ ಹುಬ್ಬಳ್ಳಿ ಬಸ್ ಹತ್ತಿದರೆ ಸಾತಾರಾ ದಾಟುವವರೆಗೆ ನನಗೆ ನಿದ್ದೆ ಬರುವುದಿಲ್ಲ. ಕಿವಿಯೆಲ್ಲ ಎಂಜಿನ್ ಸದ್ದಿನ ಮೇಲೆ. ಸಿಲಿಂಡರಿಗೆ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಚಿಮ್ಮಬೇಕು ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಹೊಟ್ಟೆಪಾಡು. ಬಂಕಿನಲ್ಲಿ ದಿನವೂ ಕೇಳುವ ಆ ಹೆಸರಿನ ಮನುಷ್ಯ ನಮ್ಮಂತೆಯೇ ಊರು ಬಿಟ್ಟವನು ಎಂಬುದು ಎಂ.ಟೆಕ್ ಮುಗಿಸಿದ ಮೇಲಷ್ಟೇ ನನಗೆ ಗೊತ್ತಾದದ್ದು.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯಿಂದ ಬಂದವರು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾದಾಗ ಕುಟುಂಬ ಲಂಡನ್ನಿಗೆ ಹೊರಡಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಓದಲು ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದುವಾಗ, ಶೈತ್ಯಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ ಗುರುವಾಗಿ ಸಿಕ್ಕ. ಕಲ್ಲಿದ್ದಲಿನ ಶಾಖದ ಬಹುಪಾಲನ್ನು ಹಬೆ ಎಂಜಿನ್ ಪೋಲು ಮಾಡುತ್ತದೆ ಎಂಬ ಪಾಠ ಆತನ ತಲೆ ಹೊಕ್ಕು ಕೂತಿತು.

ಆತನ ಉಪಾಯ ಸರಳ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾವಿಗೆ ಇಂಧನ ಬಿಟ್ಟರೆ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಪ್ರಯೋಗ ಶುರು. ಮೊದಲ ಸಲ ಇಂಧನ ಹೊತ್ತಿಕೊಂಡಾಗ ಎಂಜಿನ್ ಮೇಲಿದ್ದ ಮಾಪಕವೇ ಸಿಡಿದುಹೋಯಿತು. ನಾಲ್ಕು ವರ್ಷ ಒದ್ದಾಡಿದ ಮೇಲೆ, 1897ರ ಪರೀಕ್ಷೆಯಲ್ಲಿ ಎಂಜಿನ್ ಇಂಧನದ ಶಾಖದಲ್ಲಿ ಶೇ 26ರಷ್ಟನ್ನು ಕೆಲಸವಾಗಿಸಿ ತೋರಿಸಿತು.

ಕಾಡಿದ್ದು ಇಂಧನ ಒಳಗೆ ಹೋಗುವ ದಾರಿ. ಸಿಲಿಂಡರಿನೊಳಗೆ ಮೂವತ್ತು ಪಟ್ಟಿಗೂ ಮಿಕ್ಕಿದ ವಾಯುಒತ್ತಡ. ಅದಕ್ಕೆ ಎದುರಾಗಿ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಬೇಕು. ಆ ಕಾಲದ ಪಂಪುಗಳಿಗೆ ಅದು ಆಗಲಿಲ್ಲ. ಹಾಗಾಗಿ ಇನ್ನೂ ಹೆಚ್ಚು ಒತ್ತಡದ ಗಾಳಿಯಿಂದ ಎಣ್ಣೆಯನ್ನು ಊದಿಸುವ ವ್ಯವಸ್ಥೆ ಮಾಡಿದ. ಅದಕ್ಕೆ ಬೇರೆ ಕಂಪ್ರೆಸರ್ ಬೇಕು, ಭಾರ ಬೇರೆ. ಹಡಗಿಗೆ, ವಿದ್ಯುತ್ ಕೇಂದ್ರಕ್ಕೆ ಸರಿಹೋಯಿತು, ಲಾರಿಗೆ ಆಗಲಿಲ್ಲ.

ಲೈಸೆನ್ಸ್ ಮಾರಿ ಸಿರಿವಂತನಾದವನು ಪೇಟೆಂಟ್ ವ್ಯಾಜ್ಯ, ಕೈಕೊಟ್ಟ ಹೂಡಿಕೆ, ಅನಾರೋಗ್ಯಗಳಲ್ಲಿ ಬಳಲಿದ. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಿಗ್ಗೆ ಅಲ್ಲಿರಲಿಲ್ಲ. ಕೆಲ ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ದೇಹದ ಮೇಲಿನ ವಸ್ತುಗಳನ್ನು ಮಗ ಗುರುತಿಸಿದ. ಕುಟುಂಬಕ್ಕೆ ಉಳಿದದ್ದು ಸಾಲ. ಆತ್ಮಹತ್ಯೆ ಎಂದವರೇ ಹೆಚ್ಚು; ಆ ರಾತ್ರಿ ನಡೆದದ್ದು ಮಾತ್ರ ಇತ್ಯರ್ಥವಾಗಲಿಲ್ಲ.

ಆತ ಬಿಟ್ಟುಹೋದ ಗಂಟನ್ನು ಬೇರೆಯವರು ಬಿಡಿಸಿದರು. 1909ರಲ್ಲಿ ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್, ಇಂಧನ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆಯೊಂದನ್ನು ರೂಪಿಸಿದ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿತು; ಗಾಳಿಯ ಕಂಪ್ರೆಸರ್ ಬಿಟ್ಟು ಡೀಸೆಲ್ ರಸ್ತೆಗಿಳಿಯಿತು. 1997ರಲ್ಲಿ ಕಾರುಗಳಿಗೆ ಕಾಮನ್ ರೈಲ್ ಬಂತು. ಈಗ ಎರಡು ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಧನ ಒಂದು ಕೊಳವೆಯಲ್ಲಿ ಸಿದ್ಧವಾಗಿ ಕಾಯುತ್ತದೆ. ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಒಂದೇ ಸುತ್ತಿನಲ್ಲಿ ಹಲವು ಸಲ ಚಿಮ್ಮುತ್ತದೆ. ಮೊದಲ ಹನಿ ಹದ ಮಾಡಿಕೊಡುವುದರಿಂದ ಹಳೆಯ ಲಾರಿಗಳ ಆ ಕಟಕಟ ಸದ್ದು ತಗ್ಗಿದೆ.

ಆ ಚಿಮ್ಮುವಿಕೆಯ ಲೆಕ್ಕವೇ ನನ್ನ ಸಂಬಳ. ನಿಪ್ಪಾಣಿ ಬಂದು ಕನ್ನಡದ ಬೋರ್ಡ್ ಕಂಡಾಗ ಕಣ್ಣು ಮುಚ್ಚುತ್ತೇನೆ. ನನ್ನನ್ನು ವಾರಕ್ಕೊಮ್ಮೆ ಮನೆ ಮುಟ್ಟಿಸುವ ಎಂಜಿನ್ನಿನ ಯಜಮಾನ ಆ ರಾತ್ರಿ ಮನೆ ಮುಟ್ಟಲಿಲ್ಲ.