ಉದ್ಯಾನ ಕಟ್ಟಿದವನೂ ಲೆಕ್ಕ ಕೇಳಿದವನೂ

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಚಲನಚಿತ್ರಗಳಲ್ಲಾದರೂ ನೋಡದ ವಿದ್ಯಾವಂತರು ನಮ್ಮಲ್ಲಿ ವಿರಳ. ಗಗನಚುಂಬಿ ಕಟ್ಟಡಗಳ ನಡುವೆ 843 ಎಕರೆಗಳಷ್ಟು ಹರಡಿರುವ ಆ ಹಸಿರನ್ನು ಕಂಡವರು, ನಗರ ಬೆಳೆಯುವಾಗ ಹೇಗೋ ಉಳಿದುಕೊಂಡ ಕಾಡಿನ ತುಂಡು ಅದೆಂದು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಬಂಡೆಗಳನ್ನು ಬಿಟ್ಟರೆ ಅಲ್ಲಿನ ಕೆರೆ, ಹುಲ್ಲುಗಾವಲು, ತೋಪು, ಕಾಲುದಾರಿಗಳೆಲ್ಲ ಬಹುಪಾಲು ಮನುಷ್ಯರು ಅಗೆದು, ತುಂಬಿ, ನೆಟ್ಟು ಮಾಡಿದವು. ಅದರ ನಿರ್ಮಾತೃಗಳಲ್ಲಿ ಪ್ರಮುಖನಾದ ಫ್ರೆಡರಿಕ್ ಲಾ ಓಮ್‌ಸ್ಟೆಡ್‌ನನ್ನು ಲೋಕವು ಕಲಾವಿದನೆಂದು ನೆನೆಯುತ್ತದೆ. ವೃತ್ತಿಜೀವನವನ್ನೆಲ್ಲ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಆತ ಮೊದಲು ಕಾಣುವುದು ಒಬ್ಬ ಅಧಿಕಾರಿಯಾಗಿ. ಮಂಜೂರಾತಿಗಾಗಿ ಕಾದವನು, ಲೆಕ್ಕಪತ್ರದವರೊಡನೆ ಜಗಳವಾಡಿದವನು, ಕೊನೆಗೆ ಹುದ್ದೆಯೇ ರದ್ದಾಗಿ ಹೊರನಡೆದವನು.

ಓಮ್‌ಸ್ಟೆಡ್ ಹುಟ್ಟಿದ್ದು 1822ರ ಏಪ್ರಿಲ್ 26ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಂದೆ ಅನುಕೂಲಸ್ಥ ಬಟ್ಟೆ ವ್ಯಾಪಾರಿ. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಹದಿಹರೆಯದಲ್ಲಿ ವಿಷದ ಗಿಡವೊಂದು ಸೋಂಕಿ ಕಣ್ಣಿಗೆ ತೊಂದರೆಯಾದ್ದರಿಂದ ಕಾಲೇಜು ವಿದ್ಯಾಭ್ಯಾಸ ಕ್ರಮವಾಗಿ ಸಾಗಲಿಲ್ಲ. ಹಡಗಿನಲ್ಲಿ ಕೂಲಿಯಾಳಾಗಿ ಚೀನಾಕ್ಕೆ ಹೋಗಿಬಂದ. ತಂದೆಯ ಹಣದಲ್ಲಿ ಬೇಸಾಯ ಮಾಡಿದ. ಮೂವತ್ತೈದರ ವಯಸ್ಸಿನವರೆಗೆ ಯಾವ ಕಸುಬಿನಲ್ಲೂ ನೆಲೆ ನಿಲ್ಲದ ಮಗನನ್ನು ಆ ತಂದೆ ಸಹನೆಯಿಂದ ಪೊರೆದ.

1850ರಲ್ಲಿ ತಮ್ಮ ಮತ್ತು ಗೆಳೆಯನೊಬ್ಬನೊಡನೆ ಓಮ್‌ಸ್ಟೆಡ್ ಇಂಗ್ಲೆಂಡಿನಲ್ಲಿ ಕಾಲ್ನಡಿಗೆಯ ಪ್ರವಾಸ ಕೈಗೊಂಡ. ಲಿವರ್‌ಪೂಲಿಗೆ ಎದುರಾಗಿ ನದಿಯ ಆಚೆ ದಂಡೆಯಲ್ಲಿರುವ ಬರ್ಕನ್‌ಹೆಡ್ ಎಂಬ ಊರಿನಲ್ಲಿ ಆತ ಕಂಡದ್ದು ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿ 1847ರಲ್ಲಿ ತೆರೆದಿದ್ದ ಉದ್ಯಾನ. ಅದು ಯಾವ ದೊರೆಯ ಔದಾರ್ಯವೂ ಅಲ್ಲ, ಯಾವ ಜಮೀನುದಾರನ ದಾನವೂ ಅಲ್ಲ. ಪಾರ್ಲಿಮೆಂಟಿನ ಅನುಮತಿ ಪಡೆದು ಊರಿನ ಸುಧಾರಣಾ ಮಂಡಲಿಯೇ ಸುಮಾರು 226 ಎಕರೆ ಜೌಗುಭೂಮಿಯನ್ನು ಕೊಂಡಿತ್ತು. 125 ಎಕರೆಯನ್ನು ಸಾರ್ವಜನಿಕರಿಗೆ ಬಿಟ್ಟು, ಉಳಿದದ್ದನ್ನು ಉದ್ಯಾನದ ಅಂಚಿನ ಮನೆ ನಿವೇಶನಗಳಾಗಿ ಮಾರಿ, ಹಾಕಿದ ಬಂಡವಾಳವನ್ನು ಹಿಂಪಡೆಯುವುದು ಅದರ ಉಪಾಯ. ಉದ್ಯಾನ ಬಂದದ್ದರಿಂದ ನಿವೇಶನಕ್ಕೆ ಬೆಲೆ, ನಿವೇಶನ ಮಾರಿದ್ದರಿಂದ ಉದ್ಯಾನಕ್ಕೆ ಹಣ. ಸ್ಥಳೀಯ ಸಂಸ್ಥೆಯೊಂದು ತಾನು ಸೃಷ್ಟಿಸಿದ ಮೌಲ್ಯದಲ್ಲಿ ಒಂದು ಪಾಲನ್ನು ತಾನೇ ಹಿಡಿದಿಟ್ಟುಕೊಳ್ಳುವ ಈ ವಿಧಾನವನ್ನು ಅರ್ಥಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಬೋಧಿಸುತ್ತಾರೆ. ಓಮ್‌ಸ್ಟೆಡ್‌ಗೆ ಅಲ್ಲಿನ ಮರಗಿಡಗಳಷ್ಟೇ ಮನಸ್ಸಿಗೆ ನಾಟಿದ ಸಂಗತಿ ಇನ್ನೊಂದು: ಊರಿನ ಬಡವ, ಬಲ್ಲಿದರಿಬ್ಬರೂ ಒಂದೇ ಹಾದಿಯಲ್ಲಿ ಹಕ್ಕಿನಿಂದ ಅಡ್ಡಾಡುತ್ತಿದ್ದರು. ಪ್ರಜಾಪ್ರಭುತ್ವದ ಹೆಮ್ಮೆಯ ತನ್ನ ದೇಶದಲ್ಲಿ ಅಂಥದೊಂದು ತಾಣವಿಲ್ಲವೆಂಬುದನ್ನು ಆತ ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ.

ಬಳಿಕ ನ್ಯೂಯಾರ್ಕಿನ ಪತ್ರಿಕೆಯೊಂದರ ಪರವಾಗಿ ದಕ್ಷಿಣದ ರಾಜ್ಯಗಳಲ್ಲಿ ಸುತ್ತಾಡಿ ಗುಲಾಮಗಿರಿಯ ಆರ್ಥಿಕತೆಯ ಕುರಿತು ಬರೆದ. ಗುಲಾಮನ ದುಡಿಮೆ ಒಡೆಯನಿಗೂ ನಷ್ಟ, ಆ ಸಮಾಜ ರಸ್ತೆ, ಶಾಲೆ, ಗ್ರಂಥಾಲಯದಂಥ ಯಾವ ಸಾರ್ವಜನಿಕ ಸೊತ್ತನ್ನೂ ಕಟ್ಟಲಾರದೆಂಬುದು ಆತನ ತೀರ್ಮಾನ. ಇದರ ನಡುವೆ ಪ್ರಕಾಶನ ಸಂಸ್ಥೆಯೊಂದರಲ್ಲಿ ಪಾಲುದಾರನಾಗಿ ಕೈಸುಟ್ಟುಕೊಂಡ. 1857ರಲ್ಲಿ ಆತ ಸಾಲಗಾರ, ನೌಕರಿ ಬೇಕಾಗಿತ್ತು.

ಆ ವೇಳೆಗೆ ನ್ಯೂಯಾರ್ಕಿನಲ್ಲಿ ಉದ್ಯಾನಕ್ಕೆ ಭೂಸ್ವಾಧೀನ ಮುಗಿದಿತ್ತು. 1853ರಲ್ಲಿ ರಾಜ್ಯ ಶಾಸನಸಭೆ ಅನುಮತಿ ನೀಡಿದ ಮೇಲೆ ಭೂಮಾಲೀಕರಿಗೆ ಕೊಟ್ಟ ಪರಿಹಾರ ಸುಮಾರು 50 ಲಕ್ಷ ಡಾಲರು. ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗವನ್ನು, ಉದ್ಯಾನದಿಂದ ಲಾಭ ಪಡೆಯಲಿದ್ದ ಸುತ್ತಲಿನ ಆಸ್ತಿವಂತರಿಂದಲೇ ವಸೂಲು ಮಾಡಲಾಯಿತು. ಕಾಗದದ ಮೇಲೆ ಅಚ್ಚುಕಟ್ಟಾದ ಏರ್ಪಾಡು. ಆದರೆ ಅಲ್ಲಿಂದ ಎಬ್ಬಿಸಿದ ಸುಮಾರು 1,600 ಜನರ ಲೆಕ್ಕ ಬೇರೆ. ಅವರಲ್ಲಿ ಹಲವರು ವಾಸವಿದ್ದುದು ಸೆನೆಕಾ ವಿಲೇಜ್ ಎಂಬ ಬಡಾವಣೆಯಲ್ಲಿ. 1825ರಿಂದ ಕಪ್ಪು ಜನರು ಸ್ವಂತ ದುಡಿಮೆಯಿಂದ ನಿವೇಶನ ಕೊಂಡು ಕಟ್ಟಿಕೊಂಡಿದ್ದ ನೆಲೆ ಅದು. ಅಲ್ಲಿ ಮೂರು ಚರ್ಚುಗಳಿದ್ದವು, ಶಾಲೆಯಿತ್ತು. ಆ ರಾಜ್ಯದಲ್ಲಿ ಕಪ್ಪು ಪುರುಷನೊಬ್ಬ ಮತ ಹಾಕಬೇಕಿದ್ದರೆ 250 ಡಾಲರು ಬೆಲೆಯ ಆಸ್ತಿ ಹೊಂದಿರಬೇಕಿತ್ತು; ಬಿಳಿಯರಿಗೆ ಈ ನಿಬಂಧನೆ ಇರಲಿಲ್ಲ. ಹಾಗಾಗಿ ಅಲ್ಲಿನ ತುಂಡು ನೆಲವೊಂದು ಕೈತಪ್ಪಿದರೆ ಮನೆಯೊಂದೇ ಅಲ್ಲ, ಮತವೂ ಹೋಗುತ್ತಿತ್ತು. ಪತ್ರಿಕೆಗಳು ಅವರನ್ನು ಗುಡಿಸಲುವಾಸಿ ಅತಿಕ್ರಮಣಕಾರರೆಂದು ಬಣ್ಣಿಸಿದವು. 1857ರಲ್ಲಿ ಮನೆಗಳೆಲ್ಲ ನೆಲಸಮವಾದವು. ಪರಿಹಾರದ ಹಣಕ್ಕೆ ರಸೀತಿ ಉಂಟು; ಚದುರಿಹೋದ ಸಮುದಾಯ ಮತ್ತೆ ಒಂದೆಡೆ ಕೂಡಲಿಲ್ಲ. ಈ ನಿರ್ಧಾರ ಓಮ್‌ಸ್ಟೆಡ್‌ನದಲ್ಲ, ನಿಜ. ಆದರೆ ಆತ ನೆಟ್ಟ ಮರಗಳ ಬೇರು ಇಳಿದದ್ದು ಆ ಮಣ್ಣಿಗೇ.

ಉದ್ಯಾನದ ಆಡಳಿತವನ್ನು ರಾಜ್ಯ ಶಾಸನಸಭೆಯು ನಗರಪಾಲಿಕೆಯ ಕೈಯಿಂದ ತೆಗೆದು ಹನ್ನೊಂದು ಆಯುಕ್ತರ ಮಂಡಲಿಗೆ ವಹಿಸಿತ್ತು. ಕಾರಣ ರಾಜಕೀಯ: ರಾಜ್ಯದಲ್ಲಿ ಒಂದು ಪಕ್ಷ, ನಗರದಲ್ಲಿ ಇನ್ನೊಂದು. ಈ ಮಂಡಲಿ 1857ರ ಸೆಪ್ಟೆಂಬರಿನಲ್ಲಿ ಓಮ್‌ಸ್ಟೆಡ್‌ನನ್ನು ಮೇಲ್ವಿಚಾರಕನಾಗಿ ನೇಮಿಸಿತು. ಅದೇ ವರ್ಷ ಬ್ಯಾಂಕುಗಳು ಕುಸಿದು ನಗರದ ತುಂಬ ನಿರುದ್ಯೋಗ. ಶಾಸಕರ, ವಾರ್ಡಿನ ಪುಢಾರಿಗಳ ಶಿಫಾರಸು ಪತ್ರ ಹಿಡಿದ ಸಾವಿರಾರು ಜನ ಕೆಲಸ ಕೇಳಿಕೊಂಡು ಬಂದರು. ಆತ ತಂಡಗಳನ್ನು ಮಾಡಿ, ಹಾಜರಿ ತೆಗೆದು, ದುಡಿದವನಿಗೆ ಕೂಲಿ, ಮೈಗಳ್ಳನಿಗೆ ವಜಾ ಎಂಬ ನಿಯಮ ತಂದ. ಮುಂದೆ ಒಂದು ಹಂತದಲ್ಲಿ ಆತನ ಕೈಕೆಳಗೆ ಮೂರು ಸಾವಿರಕ್ಕೂ ಮಿಕ್ಕಿ ಕೂಲಿಕಾರರಿದ್ದರು. ಉದ್ಯಾನದ ಇತಿಹಾಸಗಳಲ್ಲಿ ಈ ಅಧ್ಯಾಯಕ್ಕೆ ಸಿಗುವ ಜಾಗ ಕಡಿಮೆ. ಶಿಫಾರಸು ಪತ್ರಗಳ ರಾಶಿಯೆದುರು ಕುಳಿತವರಿಗೆ ಗೊತ್ತು, ಅದೆಷ್ಟು ಕಷ್ಟದ ಕೆಲಸವೆಂದು.

ಉದ್ಯಾನದ ವಿನ್ಯಾಸಕ್ಕೆ ಮಂಡಲಿ ಸ್ಪರ್ಧೆ ಏರ್ಪಡಿಸಿದಾಗ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ವಾಸ್ತುಶಿಲ್ಪಿ ಕಾಲ್ವರ್ಟ್ ವಾಕ್ಸ್ ಜತೆಗೂಡಲು ಕರೆದ. ಇಬ್ಬರೂ ಸೇರಿ ರಚಿಸಿದ ನಕ್ಷೆಗೆ 1858ರ ಏಪ್ರಿಲ್‌ನಲ್ಲಿ ಪ್ರಥಮ ಬಹುಮಾನ ಬಂತು. ಅದರ ಜಾಣ್ಮೆ ಹೂವಿನಲ್ಲಿರಲಿಲ್ಲ, ರಸ್ತೆಯಲ್ಲಿತ್ತು. ಉದ್ಯಾನವನ್ನು ಅಡ್ಡಹಾಯುವ ನಾಲ್ಕು ರಸ್ತೆಗಳಿರಬೇಕೆಂಬುದು ಸ್ಪರ್ಧೆಯ ಷರತ್ತು. ಇವರು ಆ ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಕಾಲುವೆಯಂತೆ ತೋಡಿ, ಮೇಲೆ ಸೇತುವೆ ಹಾಸಿ, ಅಂಚಿಗೆ ಗಿಡ ನೆಟ್ಟರು. ಊರಿನ ಗಾಡಿಗಳು ತಮ್ಮ ಪಾಡಿಗೆ ಕೆಳಗೆ ಸಾಗುತ್ತಿದ್ದರೆ ಮೇಲೆ ನಡೆಯುವವನಿಗೆ ಅವುಗಳ ಸುಳಿವಿಲ್ಲ. ಮೋಟಾರು ವಾಹನ ಹುಟ್ಟುವುದಕ್ಕೆ ದಶಕಗಳ ಮೊದಲು ತೋಡಿದ ಆ ರಸ್ತೆಗಳು ಇಂದಿನ ಸಂಚಾರವನ್ನೂ ಹೊರುತ್ತಿವೆ.

ಬಳಕೆಯ ನಿಯಮಗಳಲ್ಲಿ ಮಾತ್ರ ಆತ ಬಿಗಿಯ ಮನುಷ್ಯ. ಕಾವಲುಗಾರರಿಗೆ ತರಬೇತಿ ಕೊಟ್ಟು, ಜನರನ್ನು ಬಂಧಿಸುವ ಬದಲು ತಿಳಿಹೇಳಬೇಕೆಂದು ಕಲಿಸಿದ್ದು ಸರಿಯೇ. ಆದರೆ ಉದ್ಯಾನ ಇರುವುದು ಕಣ್ಣಿಗೆ, ಮನಸ್ಸಿಗೆ ವಿಶ್ರಾಂತಿ ನೀಡಲು, ಆಟಕ್ಕಲ್ಲ ಎಂಬುದು ಆತನ ನಂಬಿಕೆ. ಹುಲ್ಲಿನ ಮೇಲೆ ನಡೆಯುವುದಕ್ಕೆ ನಿರ್ಬಂಧ. ಚೆಂಡಾಟವಾಡಲು ಬರುವ ಹುಡುಗ ಶಾಲೆಯಿಂದ ಪ್ರಮಾಣಪತ್ರ ತರಬೇಕು. ವಾರವಿಡೀ ದುಡಿದು ಭಾನುವಾರ ಮಾತ್ರ ಬಿಡುವು ಕಾಣುತ್ತಿದ್ದ ಕಾರ್ಮಿಕರು ದೂರದ ಕೇರಿಗಳಿಂದ ಅಲ್ಲಿಗೆ ಬರುವುದೇ ಕಷ್ಟವಾಗಿತ್ತು. ಬ್ಯಾಂಡಿನ ಕಛೇರಿ ನಡೆಯುತ್ತಿದ್ದುದು ಶನಿವಾರ. ಭಾನುವಾರದ ಸಂಗೀತಕ್ಕೆ 1884ರವರೆಗೆ ಕಾಯಬೇಕಾಯಿತು. ಮೊದಲ ವರ್ಷಗಳಲ್ಲಿ ಉದ್ಯಾನದಲ್ಲಿ ಮೆರೆದದ್ದು ಸಿರಿವಂತರ ಸಾರೋಟುಗಳು. ಬರ್ಕನ್‌ಹೆಡ್‌ನಲ್ಲಿ ಕಂಡು ಮೆಚ್ಚಿದ್ದ ಸಮಾನತೆ ನ್ಯೂಯಾರ್ಕಿನಲ್ಲಿ ನಿಧಾನವಾಗಿಯೇ ಬಂತು.

ಇನ್ನು ಲೆಕ್ಕದ ಜಗಳ. ಖರ್ಚು ಅಂದಾಜನ್ನು ಬೇಗನೆ ಮೀರಿತು. 1859ರಲ್ಲಿ ಮಂಡಲಿಯು ತನ್ನ ಸದಸ್ಯರಲ್ಲೊಬ್ಬನಾದ ವಕೀಲ ಆಂಡ್ರ್ಯೂ ಹ್ಯಾಸ್‌ವೆಲ್ ಗ್ರೀನ್‌ನನ್ನು ಹಣಕಾಸು ನಿಯಂತ್ರಕನಾಗಿ ನೇಮಿಸಿತು. ಅಲ್ಲಿಂದ ಮುಂದೆ ಪ್ರತಿ ಬಿಲ್ಲಿಗೂ ವಿವರಣೆ, ಪ್ರತಿ ಸೆಂಟಿಗೂ ವೋಚರು. 1860ರಲ್ಲಿ ಗಾಡಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಓಮ್‌ಸ್ಟೆಡ್, ಅದಾದ ಕೆಲವೇ ದಿನಗಳಲ್ಲಿ ಹಸುಗೂಸಾದ ಮಗನನ್ನೂ ಕಳೆದುಕೊಂಡ. ಕೆಲಸ ನಿಲ್ಲಿಸಲಿಲ್ಲ, ಡೋಲಿಯಲ್ಲಿ ತನ್ನನ್ನು ಹೊರಿಸಿಕೊಂಡು ಕಾಮಗಾರಿ ನೋಡಿದ. ಅಂಥವನಿಗೆ ಚಿಲ್ಲರೆ ಖರ್ಚಿಗೂ ಸಮಜಾಯಿಷಿ ಬರೆಯಬೇಕಾಗಿ ಬಂದದ್ದು ಸಹಿಸಲಾಗದ ಅವಮಾನವೆನಿಸಿತು. 1861ರ ಆರಂಭದಲ್ಲಿ ರಾಜೀನಾಮೆಯನ್ನೂ ಸಲ್ಲಿಸಿದ.

ಓಮ್‌ಸ್ಟೆಡ್‌ನ ಜೀವನಚರಿತ್ರೆಕಾರರು ಅನೇಕರು ಗ್ರೀನ್‌ನನ್ನು ಜಿಪುಣ ಖಳನಾಯಕನಂತೆ ಚಿತ್ರಿಸಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ನಗರದಲ್ಲಿ ಅದೇ ಕಾಲಕ್ಕೆ ಇತರ ಕಾಮಗಾರಿಗಳಲ್ಲಿ ಹಣ ಹೇಗೆ ಸೋರುತ್ತಿತ್ತೆಂಬುದನ್ನು ನೋಡಿದರೆ, ಉದ್ಯಾನದ ಲೆಕ್ಕವನ್ನು ಯಾರೂ ಬೆರಳು ತೋರದಂತೆ ಇಟ್ಟದ್ದೇ ಅದನ್ನು ರಾಜಕಾರಣಿಗಳಿಂದ ಕಾಪಾಡಿತು. ಓಮ್‌ಸ್ಟೆಡ್ ಯುದ್ಧಸೇವೆಗೆ ಹೊರಟುಹೋದ ವರ್ಷಗಳಲ್ಲಿ ಮೂಲ ನಕ್ಷೆಯಿಂದ ಕದಲದಂತೆ ಕೆಲಸ ಮುಂದುವರಿಸಿದವನೂ ಗ್ರೀನ್‌ನೇ. ಒಬ್ಬ ಇನ್ನೊಬ್ಬನನ್ನು ಸಹಿಸಲಿಲ್ಲ; ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸ ನಿಲ್ಲುತ್ತಲೂ ಇರಲಿಲ್ಲ.

ಅಂತರ್ಯುದ್ಧದ ಮೊದಲ ಎರಡು ವರ್ಷ ಓಮ್‌ಸ್ಟೆಡ್ ಗಾಯಾಳು ಸೈನಿಕರ ಆರೈಕೆಗಾಗಿ ಸ್ಥಾಪಿತವಾದ ನೈರ್ಮಲ್ಯ ಆಯೋಗದ ಕಾರ್ಯದರ್ಶಿಯಾಗಿದ್ದ. ಅನಂತರ ಕ್ಯಾಲಿಫೋರ್ನಿಯದ ಚಿನ್ನದ ಗಣಿಯೊಂದರ ವ್ಯವಸ್ಥಾಪಕ. 1864ರಲ್ಲಿ ರಾಜ್ಯಕ್ಕೆ ಹಸ್ತಾಂತರವಾದ ಯೊಸೆಮಿಟಿ ಕಣಿವೆಯ ಆಯೋಗಕ್ಕೂ ಆತನೇ ಮುಖ್ಯಸ್ಥ. ಸರ್ಕಾರ ಮಧ್ಯೆ ಬರದಿದ್ದರೆ ನಾಡಿನ ರಮಣೀಯ ತಾಣಗಳೆಲ್ಲ ಹಣವಂತರ ಸ್ವಂತ ಆಸ್ತಿಯಾಗುತ್ತವೆಂದು 1865ರಲ್ಲಿ ವರದಿ ಬರೆದ. ಅನುದಾನಕ್ಕೆ ಕುತ್ತು ಬಂದೀತೆಂದು ಸಹೋದ್ಯೋಗಿಗಳು ಅದನ್ನು ಶಾಸನಸಭೆಗೆ ಮುಟ್ಟಿಸಲೇ ಇಲ್ಲ.

ಅದೇ ವರ್ಷ ನ್ಯೂಯಾರ್ಕಿಗೆ ಮರಳಿ ವಾಕ್ಸ್‌ನೊಡನೆ ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕನ್ನು ಕೈಗೆತ್ತಿಕೊಂಡ. 1868ರಿಂದ ಬಫಲೊ ನಗರಕ್ಕೆ ಮೂರು ಉದ್ಯಾನಗಳನ್ನೂ ಅವನ್ನು ಬೆಸೆಯುವ ಸಾಲುಮರದ ಹೆದ್ದಾರಿಗಳನ್ನೂ ಒಟ್ಟಿಗೇ ಯೋಜಿಸಿದ. ಬಿಡಿ ಉದ್ಯಾನಕ್ಕಿಂತ ಊರಿಡೀ ಹಬ್ಬುವ ಜಾಲ ಬೇಕು, ಊರು ಬೆಳೆಯುವ ಮೊದಲೇ ನೆಲ ಕಾದಿರಿಸಬೇಕು ಎಂಬುದು ಆತನ ವಾದ. ಬಡಾವಣೆ ತುಂಬಿದ ಮೇಲೆ ಖಾಲಿ ಜಾಗ ಹುಡುಕುವ ನಮಗೆ ಇದು ಬಿಡಿಸಿ ಹೇಳಬೇಕಾದದ್ದಲ್ಲ. ಜಿಪುಣ ಸಭಾಸದರ ಮುಂದೆ ಆತ ಇಡುತ್ತಿದ್ದುದು ಅಂಕಿಅಂಶ. ಸೆಂಟ್ರಲ್ ಪಾರ್ಕನ್ನು ಸುತ್ತುವರಿದ ಮೂರು ವಾರ್ಡುಗಳ ಆಸ್ತಿಗಳ ತೆರಿಗೆ ಮೌಲ್ಯ 1856ರಲ್ಲಿ ಸುಮಾರು 2.64 ಕೋಟಿ ಡಾಲರು ಇದ್ದದ್ದು, 1873ರ ವೇಳೆಗೆ ಸುಮಾರು 23.6 ಕೋಟಿಗೆ ಏರಿತ್ತು. ಈ ಏರಿಕೆಯೆಲ್ಲ ಉದ್ಯಾನದ ಫಲವೆಂದರೆ ಅರ್ಥಶಾಸ್ತ್ರದ ವಿದ್ಯಾರ್ಥಿ ತಲೆದೂಗಲಾರ. ನಗರ ಹೇಗೂ ಉತ್ತರಕ್ಕೆ ಚಾಚುತ್ತಿತ್ತು. ಆದರೂ ಸಾಲ ತೀರಿಸುವುದಕ್ಕಿಂತ ಹೆಚ್ಚಿನ ತೆರಿಗೆ ಬರುತ್ತಿತ್ತೆಂಬುದನ್ನು ಅಲ್ಲಗಳೆಯುವುದು ಕಷ್ಟ.

1870ರಲ್ಲಿ ಹೊಸ ಸನ್ನದಿನ ಬಲದಿಂದ ಉದ್ಯಾನವು ಟ್ವೀಡ್ ಎಂಬ ಕುಖ್ಯಾತ ಪುಢಾರಿಯ ಕೂಟದ ವಶವಾಯಿತು. ಹೊಸಬರು ಮರಗಳ ಕೆಳಗೊಂಬೆಗಳನ್ನು ಸವರಿದರು, ಪೊದೆಗಳನ್ನು ಬೋಳಿಸಿದರು, ಬಯಲಿನಲ್ಲಿ ಮೃಗಾಲಯಕ್ಕೆ ಅಡಿಪಾಯ ತೋಡಿದರು. ಓಮ್‌ಸ್ಟೆಡ್ ಮತ್ತು ವಾಕ್ಸ್ ಇಬ್ಬರೂ ಹೊರಬಿದ್ದರು. ಮರುವರ್ಷ ಟ್ವೀಡ್ ಕೂಟದ ಹಗರಣ ಬಯಲಾಗಿ, ನಗರದ ಬೊಕ್ಕಸ ರಿಪೇರಿ ಮಾಡಲು ಕರೆತಂದದ್ದು ಮತ್ತಾರನ್ನೂ ಅಲ್ಲ, ಗ್ರೀನ್‌ನನ್ನು. ಓಮ್‌ಸ್ಟೆಡ್ ಸಹ ಮರಳಿದ. ಆದರೆ ಪುಢಾರಿಗಳು ಹೋಗಿರಲಿಲ್ಲ, ಹೆಸರುಗಳಷ್ಟೇ ಬದಲಾಗಿದ್ದವು. 1878ರ ಜನವರಿಯಲ್ಲಿ ಮಂಡಲಿ ಆತನ ಹುದ್ದೆಯನ್ನೇ ರದ್ದು ಮಾಡಿತು. ಉದ್ಯಾನದ ಆಡಳಿತದಲ್ಲಿ ಪುಢಾರಿಗಳ ಕೈವಾಡದ ಕುರಿತ ಅಳಲನ್ನು 1882ರಲ್ಲಿ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಸುಮಾರು ಒಂದು ಶತಮಾನದ ನಂತರ, 1970ರ ದಶಕದಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಾಗ ಸೆಂಟ್ರಲ್ ಪಾರ್ಕ್ ಹುಲ್ಲಿಲ್ಲದ ದೂಳಿನ ಬಯಲಾಗಿತ್ತು. 1980ರಲ್ಲಿ ಸ್ಥಾಪನೆಯಾದ ಖಾಸಗಿ ಸಂರಕ್ಷಣಾ ಸಂಸ್ಥೆ ದಾನಿಗಳಿಂದ ಹಣ ಕೂಡಿಸಿ ಅದನ್ನು ಮೇಲೆತ್ತಿತು. ಸಿರಿವಂತ ನೆರೆಹೊರೆಯಿಲ್ಲದ ಉದ್ಯಾನಗಳಿಗೆ ಅಂಥ ದಾನಿಗಳು ಸಿಗಲಿಲ್ಲ.

ಓಮ್‌ಸ್ಟೆಡ್ ಬಾಸ್ಟನ್ನಿನತ್ತ ಹೊರಳಿದ. ಅಲ್ಲಿ ಆತ ಮಾಡಿದ ಕೆಲಸ ನನ್ನ ದೃಷ್ಟಿಯಲ್ಲಿ ಸೆಂಟ್ರಲ್ ಪಾರ್ಕಿಗಿಂತ ಮಿಗಿಲು. ಚರಂಡಿ ನೀರು ನಿಂತು ನಾರುತ್ತಿದ್ದ ಬ್ಯಾಕ್ ಬೇ ಜೌಗನ್ನು ನಗರದ ಎಂಜಿನಿಯರರೊಡನೆ ಕೂಡಿ ಹಸನು ಮಾಡಿದ. ಪ್ರವಾಹದ ನೀರಿಗೆ ಜಾಗ, ಕೊಳಚೆಗೆ ಬೇರೆ ಕೊಳವೆ, ದಂಡೆಗೆ ಉಪ್ಪುನೀರು ತಾಳುವ ಹುಲ್ಲು. ಒಳಚರಂಡಿ ಯೋಜನೆಯೇ ಉದ್ಯಾನವಾಯಿತು. ಅಲ್ಲಿಂದ ಆರಂಭಿಸಿ ನಗರದ ಹೊರವಲಯದವರೆಗೆ ಉದ್ಯಾನಗಳ ಸರಪಳಿಯನ್ನೇ ನೇಯ್ದ. ಕಿಕ್ಕಿರಿದ ಬಡವರ ಕೇರಿಯ ಪಕ್ಕದ ನದಿದಂಡೆಯಲ್ಲಿ, ಚಾರ್ಲ್ಸ್‌ಬ್ಯಾಂಕ್ ಎಂಬಲ್ಲಿ, ಪುರುಷರಿಗೆ ಮತ್ತು ಮಹಿಳೆಯರಿಗೆ ಪ್ರತ್ಯೇಕ ಬಯಲು ವ್ಯಾಯಾಮಶಾಲೆ, ಮಕ್ಕಳಿಗೆ ಆಟದ ಅಂಗಳ ರೂಪಿಸಿದ. ಚೆಂಡಾಟಕ್ಕೆ ಪ್ರಮಾಣಪತ್ರ ಕೇಳುತ್ತಿದ್ದ ಮನುಷ್ಯ ಅರವತ್ತು ದಾಟಿದ ಮೇಲೆ ಅಷ್ಟು ದೂರ ಬಂದಿದ್ದ.

1895ರಲ್ಲಿ ನೆನಪು ಕೈಕೊಡತೊಡಗಿ ನಿವೃತ್ತನಾದ. ಕೊನೆಯ ವರ್ಷಗಳನ್ನು ಕಳೆದದ್ದು ಬಾಸ್ಟನ್ ಬಳಿಯ ಮೆಕ್‌ಲೀನ್ ಮಾನಸಿಕ ಆಸ್ಪತ್ರೆಯಲ್ಲಿ. ಆ ಆಸ್ಪತ್ರೆಗೆ ಜಾಗ ಆರಿಸಲು ಹಿಂದೊಮ್ಮೆ ಸಲಹೆ ಕೊಟ್ಟವನು ಆತನೇ. 1903ರ ಆಗಸ್ಟ್ 28ರಂದು ಅಲ್ಲಿಯೇ ತೀರಿಕೊಂಡ. ಅದೇ ವರ್ಷ ನವೆಂಬರಿನಲ್ಲಿ, 83ರ ವಯಸ್ಸಿನ ಗ್ರೀನ್ ತನ್ನ ಮನೆಯ ಬಾಗಿಲಲ್ಲಿ, ತನ್ನನ್ನು ಮತ್ತಾರೋ ಎಂದು ಭ್ರಮಿಸಿದವನೊಬ್ಬನ ಗುಂಡಿಗೆ ಬಲಿಯಾದ. 1929ರಲ್ಲಿ ಗ್ರೀನ್‌ನ ನೆನಪಿಗೆ ಸೆಂಟ್ರಲ್ ಪಾರ್ಕಿನ ಉತ್ತರ ಭಾಗದ ದಿಣ್ಣೆಯೊಂದರ ಮೇಲೆ ಕಲ್ಲಿನ ಆಸನವನ್ನು ಇರಿಸಿದರು. ಪ್ರವಾಸಿಗಳು ಅಷ್ಟು ದೂರ ಹೋಗುವುದು ಕಡಿಮೆ.