ನಕ್ಷತ್ರಿಕನನ್ನು ಬೈಯುತ್ತಾ ನಗುವ ನಮ್ಮತ್ತೆ

ಈ ಸಲ ಅಡುಗೆ ಬಿಟ್ಟು ಬೇರೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಏನು ಬರೆಯಲಿ ಎಂದು ಹೊಳೆಯಲಿಲ್ಲ. ಆ ಮಧ್ಯಾಹ್ನ ನಮ್ಮ ಜನಕಪುರಿ ಮನೆಯ ಬಾಲ್ಕನಿ ಬಿಸಿಲಲ್ಲಿ ಕೂತು ನಮ್ಮತ್ತೆ ಮೊಬೈಲಿನಲ್ಲಿ 'ಸತ್ಯ ಹರಿಶ್ಚಂದ್ರ' ನೋಡುತ್ತಿದ್ದರು. ನಕ್ಷತ್ರಿಕ ಬಂದಾಗಲೆಲ್ಲ ಅವನನ್ನು ಚೆನ್ನಾಗಿ ಬೈಯುವುದು, ಬೈದು ಮುಗಿಯುವ ಮೊದಲೇ ಕಣ್ಣಲ್ಲಿ ನೀರು ಬರುವಷ್ಟು ನಗುವುದು. ನಮ್ಮತ್ತೆ ತಿಪಟೂರಿನವರು. ನಕ್ಷತ್ರಿಕನ ಪಾತ್ರ ಮಾಡಿದ ನರಸಿಂಹರಾಜು ಕೂಡ ತಿಪಟೂರಿನವರೇ. ಹಾಗಾಗಿ ಅವರನ್ನು ಬೈಯುವ ಹಕ್ಕು ತಮಗೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ ಎಂದು ನಮ್ಮತ್ತೆಯ ನಂಬಿಕೆ.

ಕೊಬ್ಬರಿಗೆ ಹೆಸರಾದ ಆ ಊರಿನಲ್ಲಿ ನರಸಿಂಹರಾಜು ಹುಟ್ಟಿದ್ದು 1923ರ ಜುಲೈ 24ರಂದು. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಹುಡುಗನಿಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ಚಿಕ್ಕಪ್ಪ ಅವನನ್ನು ನಾಟಕ ಕಂಪನಿಗೆ ಸೇರಿಸಿದರು. ನಾಲ್ಕು ವರ್ಷ! ನಾವು ಮಕ್ಕಳನ್ನು ನರ್ಸರಿಗೆ ಬಿಟ್ಟು ಗೇಟಿನ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುವ ವಯಸ್ಸದು. ಆ ಮಗು ಬಣ್ಣ ಹಚ್ಚಿಕೊಂಡು ಪ್ರಹ್ಲಾದ, ಬಾಲಕೃಷ್ಣ, ಮಾರ್ಕಂಡೇಯನಾಗಿ ರಂಗಕ್ಕೆ ಬಂದಿತು. ಹರಿಶ್ಚಂದ್ರನ ಮಗ ಲೋಹಿತಾಶ್ವನ ಪಾತ್ರವನ್ನೂ ಮಾಡಿತು.

ಕಂಪನಿ ನಾಟಕದ ಬದುಕು ಹೇಗಿತ್ತೆಂದು ನಮ್ಮ ಹಿರಿಯರಿಗೆ ಗೊತ್ತು. ಒಂದೂರಿನಲ್ಲಿ ಕೆಲವು ತಿಂಗಳು ಕ್ಯಾಂಪು, ಆಮೇಲೆ ಗಂಟುಮೂಟೆ ಕಟ್ಟಿ ಇನ್ನೊಂದೂರು. ಮಳೆ ಹಿಡಿದರೆ ಜನ ಬರುವುದಿಲ್ಲ, ಜನ ಬಾರದಿದ್ದರೆ ಸಂಬಳವಿಲ್ಲ. ಊಟ ಕಂಪನಿಯ ಪಂಕ್ತಿಯಲ್ಲಿ. ಗಂಟಲು ಒಡೆದ ಮೇಲೆ ಬಾಲಪಾತ್ರಗಳೂ ಕೈಬಿಡುತ್ತವೆ. ನರಸಿಂಹರಾಜು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತಾ, ಸಿಕ್ಕ ಪಾತ್ರ ಮಾಡುತ್ತಾ ಬೆಳೆದರು. ಕೊನೆಗೆ ಗುಬ್ಬಿ ಕಂಪನಿಯಲ್ಲಿ 'ಹರಿಶ್ಚಂದ್ರ' ನಾಟಕವೇ ಮತ್ತೆ ಎದುರಾಯಿತು. ಈ ಸಲ ಸಿಕ್ಕಿದ್ದು ನಕ್ಷತ್ರಿಕನ ಪಾತ್ರ. ಒಂದು ಕಾಲದಲ್ಲಿ ಲೋಹಿತನಾಗಿ ಕಾಶಿಯ ದಾರಿಯಲ್ಲಿ ಹಸಿದು ನಡೆದವರು, ಈಗ ಅದೇ ದಾರಿಯಲ್ಲಿ ಸಾಲ ವಸೂಲಿಗೆ ಬೆನ್ನುಹತ್ತಿ ಆ ಮಗುವನ್ನೂ ತಾಯಿಯನ್ನೂ ಗೋಳಾಡಿಸಬೇಕು! ಆ ಪಾತ್ರವೇ ಅವರಿಗೆ ಹೆಸರು ತಂದಿತು. ನಕ್ಷತ್ರಿಕನ ಕೆಲಸ ಪರರನ್ನು ಕಾಡುವುದು, ಆದರೆ ನರಸಿಂಹರಾಜು ಅವನನ್ನು ಕಾಡುವ ಮಗುವಿನ ಹಾಗೆ ಮಾಡಿಬಿಟ್ಟರು. ಕೋಪ ಬರುತ್ತದೆ, ದ್ವೇಷ ಬರುವುದಿಲ್ಲ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಬಂತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ನರಸಿಂಹರಾಜು ಸಿನಿಮಾಕ್ಕೆ ಕಾಲಿಟ್ಟಿದ್ದೂ ಅದರಲ್ಲೇ. ಚಿತ್ರ ಗೆದ್ದಿತು. ಆದರೆ ಆಮೇಲಿನ ಕಥೆ ನಾವು ಊಹಿಸುವ ಹಾಗಿರಲಿಲ್ಲ. ಆಗ ಕನ್ನಡ ಸಿನಿಮಾಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ, ವರ್ಷಕ್ಕೆ ಬೆರಳೆಣಿಕೆಯಷ್ಟು. ನಾಟಕ ಬಿಟ್ಟು ಹೋದ ಕಲಾವಿದರಿಗೆ ಅಲ್ಲಿ ಕೆಲಸವೂ ಇಲ್ಲ, ಊರಿಗೆ ವಾಪಸು ಹೋಗಲು ಮುಖವೂ ಇಲ್ಲ. ಹೊರನಾಡಿಗೆ ಬಂದು ಮೊದಲ ವರ್ಷಗಳನ್ನು ದೂಡಿದ ನಮಗೆ ಇದು ಅರ್ಥವಾಗುತ್ತದೆ.

ಆಗ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಮತ್ತು ನರಸಿಂಹರಾಜು ಕೂಡಿ ಕಲಾವಿದರ ಸಂಘವೊಂದನ್ನು ಕಟ್ಟಿದರು. ಸಿನಿಮಾ ನಟರೆಂಬ ಬಿಗುಮಾನ ಬಿಟ್ಟು, ಮತ್ತೆ ಬಣ್ಣ ಹಚ್ಚಿಕೊಂಡು ಕರ್ನಾಟಕದ ಊರೂರು ಸುತ್ತಿ ನಾಟಕ ಆಡಿದರು. ಹಾಗೆ ಎಷ್ಟೋ ಕಲಾವಿದರ ಮನೆಯ ಒಲೆ ಉರಿಯಿತು. ಅದೇ ಸಂಘದ ಹೆಸರಿನಲ್ಲಿ 1960ರಲ್ಲಿ 'ರಣಧೀರ ಕಂಠೀರವ' ತಯಾರಿಸಿದರು. ನರಸಿಂಹರಾಜು ಒಳ್ಳೆಯ ಮನುಷ್ಯ ಎಂದು ಹೇಳುವವರು ಬಹಳ ಮಂದಿ. ನನಗೆ ಮಾತ್ರ ಈ ಒಂದು ಸಂಗತಿ ಸಾಕು. ನಾಲ್ಕು ವರ್ಷದಿಂದ ಪಂಕ್ತಿಯ ಊಟ ಉಂಡವರಿಗೆ, ಪಕ್ಕದವನ ಎಲೆ ಖಾಲಿ ಇದ್ದರೆ ತುತ್ತು ಇಳಿಯುವುದಿಲ್ಲವೇನೋ.

ಮುಂದಿನದು ಎಲ್ಲರಿಗೂ ಗೊತ್ತು. ಇಪ್ಪತ್ತೈದು ವರ್ಷದಲ್ಲಿ ಸುಮಾರು 250 ಚಿತ್ರ, 'ಹಾಸ್ಯ ಚಕ್ರವರ್ತಿ' ಎಂಬ ಬಿರುದು. ನಿರ್ಮಾಪಕರು ಮೊದಲು ನರಸಿಂಹರಾಜು ಕಾಲ್‌ಶೀಟ್ ಹಿಡಿದು ಆಮೇಲೆ ರಾಜ್‌ಕುಮಾರ್ ಮನೆಗೆ ಹೋಗುತ್ತಿದ್ದರು ಎಂಬ ಮಾತು ಇಂದಿಗೂ ಇದೆ. 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ಚಿತ್ರವನ್ನು ತಾವೇ ನಿರ್ಮಿಸಿದರು.

ಅವರು ನಗಿಸಿದ್ದು ಹೆಚ್ಚಾಗಿ ತಮ್ಮನ್ನೇ ಮುಂದಿಟ್ಟುಕೊಂಡು: ಆ ಸಣಕಲು ಮೈ, ಮುಂದೆ ಬಂದ ಹಲ್ಲು, ಹೆದರಿದಾಗ ಅಗಲವಾಗುವ ಕಣ್ಣು. ಎರಡರ್ಥದ ಮಾತು ಬೇಕಾಗಿರಲಿಲ್ಲ. ಅತ್ತೆ, ಮಾವ, ಮಕ್ಕಳೊಂದಿಗೆ ಕೂತು ನೋಡುವಾಗ ಎದ್ದು ನೀರು ಕುಡಿಯಲು ಹೋಗಬೇಕಾದ ಸಂದರ್ಭ ಬರುತ್ತಿರಲಿಲ್ಲ. ಹೆಂಡತಿಗೆ ಹೆದರುವ ಗಂಡನ ಕೆಲವು ಜೋಕುಗಳು ಇವತ್ತು ಸಪ್ಪೆ ಎನಿಸುತ್ತವೆ, ನಿಜ. ಆದರೆ ಅಲ್ಲೂ ಪೆಟ್ಟು ತಿನ್ನುವವರು ಇವರೇ! ಜೊತೆಗೆ ಒಂದು ಮಾತು ಹೇಳಲೇಬೇಕು. ಎಷ್ಟೋ ಚಿತ್ರಗಳಲ್ಲಿ ಅವರಿಗೆ ಜೋಡಿಯಾಗಿದ್ದವರು ಎಂ.ಎನ್. ಲಕ್ಷ್ಮೀದೇವಿ. ಆ ಹೆಣ್ಣುಮಗಳು ಎದುರಿನಿಂದ ಸರಿಯಾಗಿ ತಾಳ ಹಾಕದಿದ್ದರೆ ನರಸಿಂಹರಾಜು ಒಬ್ಬರೇ ಅಷ್ಟು ನಗಿಸಲು ಆಗುತ್ತಿರಲಿಲ್ಲ. ಅವರ ಹೆಸರನ್ನು ನಾವು ಬೇಗ ಮರೆಯುತ್ತೇವೆ.

'ಸತ್ಯ ಹರಿಶ್ಚಂದ್ರ' 1965ರ ಚಿತ್ರ. ಆಗ ನನ್ನವರು ಕೈಗೂಸು. ನಾಟಕ, ಸಿನಿಮಾ ಎಂದರೆ ನಮ್ಮತ್ತೆಯ ಅತ್ತೆಗೆ ಆಗುತ್ತಿರಲಿಲ್ಲವಂತೆ. ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಹೇಳಿ ನಮ್ಮತ್ತೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಟೆಂಟ್ ಸಿನಿಮಾಕ್ಕೆ ಹೋದರು. ಇಂಟರ್‌ವಲ್‌ನಲ್ಲಿ ದೀಪ ಹತ್ತಿತು. ನೋಡಿದರೆ ಹೆಂಗಸರ ಕಡೆ ಎರಡು ಸಾಲು ಮುಂದೆ ಅತ್ತೆಯವರೇ ಕೂತಿದ್ದಾರೆ! ಅವರೂ ದೇವಸ್ಥಾನಕ್ಕೇ ಹೊರಟವರು. ಇಬ್ಬರೂ ಒಟ್ಟಿಗೆ ಮನೆಗೆ ನಡೆದು ಬಂದರು. ದಾರಿಯುದ್ದಕ್ಕೂ ಮಾತಾಡಿದ್ದು ನಕ್ಷತ್ರಿಕನ ವಿಷಯವೊಂದೇ.

1979ರ ಜುಲೈನಲ್ಲಿ ನರಸಿಂಹರಾಜು ಹೋಗಿಬಿಟ್ಟರು. 56 ತುಂಬಲು ಕೆಲವೇ ದಿನ ಬಾಕಿ ಇತ್ತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಅಳಲಿಲ್ಲವಂತೆ. ನಕ್ಷತ್ರಿಕ ಕಾಲು ನೋವೆಂದು ಕೂರುವುದು, ಹಸಿವೆಂದು ಗೋಗರೆಯುವುದು ಎಲ್ಲವನ್ನೂ ಒಂದೊಂದಾಗಿ ಅಭಿನಯಿಸಿ ತೋರಿಸಿದರು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಯಾರೂ ಮಜ್ಜಿಗೆ ಬಡಿಸಿಕೊಳ್ಳಲಿಲ್ಲ, ಹಾಗೇ ಎದ್ದರು. ಹದಿನೈದರ ಹುಡುಗನಾಗಿದ್ದ ನನ್ನವರಿಗೆ ಈಗಲೂ ಆ ಮಜ್ಜಿಗೆಯ ಪಾತ್ರೆ ನೆನಪಿದೆ.

ಅವರ ಮಗಳು ಸುಧಾ ನರಸಿಂಹರಾಜು ತೆರೆಯ ಮೇಲೆ ಬಂದರೆ ನಮ್ಮತ್ತೆ ಎಲ್ಲರನ್ನೂ ಸುಮ್ಮನಿರಿಸುತ್ತಾರೆ. ನಗುವಾಗ ಥೇಟ್ ಅಪ್ಪನೇ ಎನ್ನುವುದು ಅವರ ತೀರ್ಮಾನ. ಊರಿನ ಮಗಳು ತವರಿಗೆ ಬಂದಷ್ಟೇ ಸಂಭ್ರಮ.

'ಸತ್ಯ ಹರಿಶ್ಚಂದ್ರ'ವನ್ನು ನಮ್ಮತ್ತೆ ಪೂರ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಸ್ಮಶಾನದ ದೃಶ್ಯ ಹತ್ತಿರ ಬರುತ್ತಿದ್ದಂತೆ ಮೊಬೈಲ್ ನನ್ನ ಕೈಗೆ ಕೊಟ್ಟು ಹಿಂದಕ್ಕೆ ಎಳೆದುಕೊಡು ಎನ್ನುತ್ತಾರೆ. ಎಳೆದುಕೊಡುತ್ತೇನೆ. ಮತ್ತೆ ಕಾಶಿಯ ದಾರಿ, ಮತ್ತೆ ನಕ್ಷತ್ರಿಕನಿಗೆ ಕಾಲು ನೋವು. ಬೈಗುಳ ಶುರು.