ಉಸಿರಿಗಾಗಿ ಊರು ಬಿಟ್ಟವನು

ಮನುಷ್ಯನು ತಾನು ಹುಟ್ಟುವ ನಾಡನ್ನು ಆರಿಸಿಕೊಳ್ಳಲಾರನು. ಬಾಳುವ ನಾಡನ್ನು ಮಾತ್ರ ಕೆಲವರು ಆರಿಸಿಕೊಳ್ಳುತ್ತಾರೆ. ವಿದ್ಯೆಗಾಗಿ, ಉದ್ಯೋಗಕ್ಕಾಗಿ, ಇಳಿವಯಸ್ಸಿನ ನೆಮ್ಮದಿಗಾಗಿ ಪರದೇಶವನ್ನು ಸೇರಿದವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಮ್ಮ ಕಾಲೇಜಿನ ಹಜಾರದಲ್ಲಿಯೂ ಯಾವ ದೇಶ ಲೇಸೆಂಬ ಚರ್ಚೆ ಆಗಾಗ ನಡೆಯುವುದುಂಟು. ಅಲ್ಲಿ ಸಂಬಳವೆಷ್ಟು, ಚಳಿ ಎಷ್ಟು, ವೀಸಾ ಸಿಕ್ಕುವುದೆ ಎಂಬ ಪ್ರಶ್ನೆಗಳೆಲ್ಲ ಏಳುತ್ತವೆ. ಆದರೆ ಹೋದ ಮೇಲೆ ಆ ದೇಶಕ್ಕೆ ನಾವೇನಾಗಬೇಕು ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬ ಸಾಹಿತಿಯ ಜೀವನವನ್ನು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ಆತನೇ ‘ಟ್ರೆಷರ್ ಐಲೆಂಡ್’ ಕಾದಂಬರಿಯ ಕರ್ತೃ ರಾಬರ್ಟ್ ಲೂಯಿ ಸ್ಟೀವನ್‌ಸನ್.

ಸ್ಟೀವನ್‌ಸನ್ 1850ನೆಯ ನವೆಂಬರ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ಅವನ ಮನೆತನಕ್ಕೆ ದೀಪಸ್ತಂಭಗಳನ್ನು ಕಟ್ಟುವುದೇ ಕುಲವೃತ್ತಿ. ಸಮುದ್ರದ ನಡುವಣ ಬೆಲ್ ರಾಕ್ ಬಂಡೆಯ ಮೇಲೆ ದೀಪಸ್ತಂಭವನ್ನು ನಿಲ್ಲಿಸಿದ ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್ ಇವನ ಅಜ್ಜ. ತಂದೆ ಥಾಮಸನೂ ಅದೇ ಕೆಲಸದಲ್ಲಿ ಹೆಸರಾದವನು. ಒಬ್ಬನೇ ಮಗನಾದ ರಾಬರ್ಟನೂ ಅದೇ ದಾರಿಯನ್ನು ಹಿಡಿಯಬೇಕೆಂದು ತಂದೆಯ ಆಸೆ. ಮಗನಾದರೋ ಎಂಜಿನಿಯರಿಂಗ್ ತರಗತಿಗೆ ಸೇರಿ, 1871ರಲ್ಲಿ ಅದನ್ನು ಬಿಟ್ಟು ಕಾನೂನಿಗೆ ತಿರುಗಿದನು. 1875ರಲ್ಲಿ ವಕೀಲನೂ ಆದನು. ಆದರೆ ಅವನ ಮನಸ್ಸೆಲ್ಲ ಬರೆವಣಿಗೆಯಲ್ಲಿತ್ತು.

ಹಟ ಹಿಡಿದು ಗೆಲ್ಲಬಲ್ಲ ಆ ಹುಡುಗನಿಗೆ ಗೆಲ್ಲಲಾಗದ ಹಗೆಯೊಂದಿತ್ತು. ಅದು ಅವನ ಎದೆಗೂಡಿನಲ್ಲಿಯೇ ಮನೆ ಮಾಡಿತ್ತು. ಹುಟ್ಟಿನಿಂದಲೂ ಅವನ ಶ್ವಾಸಕೋಶ ದುರ್ಬಲ. ಎಡಿನ್‌ಬರೋ ನಗರದ ಮಂಜು, ಮಳೆ, ಕೊರೆಯುವ ಗಾಳಿ ಅವನಿಗೆ ವಿಷವಾದವು. ಬಾಲ್ಯದ ಎಷ್ಟೋ ರಾತ್ರಿಗಳನ್ನು ಅವನು ಕೆಮ್ಮುತ್ತ ಕಳೆದನು. ಕಮ್ಮಿ ಎಂಬ ಮುದ್ದಿನ ಹೆಸರಿನ ದಾದಿ ಅವನ ಮಗ್ಗುಲಲ್ಲಿ ಕುಳಿತು ಕಥೆ ಹೇಳಿ ಬೆಳಗು ಮಾಡುತ್ತಿದ್ದಳು. ತಾಯ್ನಾಡಿನ ಗಾಳಿಯೇ ಒಗ್ಗದ ಮಗುವಿನ ಪಾಡು ಎಂಥದಿರಬೇಕು!

ದೇಶ ಸುತ್ತು, ಕೋಶ ಓದು ಎಂಬ ಮಾತು ನಮ್ಮಲ್ಲಿದೆ. ಸ್ಟೀವನ್‌ಸನ್ ದೇಶ ಸುತ್ತಿದ್ದು ವಿನೋದಕ್ಕಾಗಿ ಮಾತ್ರವಲ್ಲ, ವೈದ್ಯರ ಅಪ್ಪಣೆಯಿಂದ. 1873ರಲ್ಲಿ ಅವನನ್ನು ಫ್ರಾನ್ಸಿನ ದಕ್ಷಿಣ ಕರಾವಳಿಯ ಮಾಂತೋನ್ ಪಟ್ಟಣಕ್ಕೆ ಕಳಿಸಿದರು. 1876ರಲ್ಲಿ ಫ್ರಾನ್ಸಿನ ಗ್ರೆ ಎಂಬ ಹಳ್ಳಿಯಲ್ಲಿ ಅಮೆರಿಕದ ಫ್ಯಾನಿ ಆಸ್‌ಬರ್ನ್ ಎಂಬ ಮಹಿಳೆಯ ಪರಿಚಯವಾಯಿತು. ಆಕೆ ಅವನಿಗಿಂತ ಹತ್ತು ವರ್ಷ ಹಿರಿಯಳು, ಮಕ್ಕಳ ತಾಯಿ. 1879ರಲ್ಲಿ ಅವಳಿಗಾಗಿ ತಂದೆತಾಯಿಗಳಿಗೂ ತಿಳಿಸದೆ ಹಡಗು ಹತ್ತಿ, ಅಮೆರಿಕ ಖಂಡವನ್ನು ರೈಲಿನಲ್ಲಿ ದಾಟಿ, ಸಾವಿನ ಬಾಗಿಲನ್ನು ಮುಟ್ಟಿ ಬಂದನು. 1880ರ ಮೇ ತಿಂಗಳಲ್ಲಿ ಅವರ ವಿವಾಹವಾಯಿತು. ಅಂದಿನಿಂದ ಗಂಡನಿಗೆ ಹೊಂದುವ ಹವೆಯನ್ನು ಹುಡುಕುವುದೇ ಫ್ಯಾನಿಯ ಕೆಲಸವಾಯಿತು.

ಮೊದಲು ಸ್ವಿಟ್ಸರ್ಲೆಂಡಿನ ದಾವೋಸ್. ಎರಡು ಚಳಿಗಾಲಗಳನ್ನು ಆ ಹಿಮದ ಬೆಟ್ಟಗಳ ನಡುವೆ ರೋಗಿಗಳ ಸಂಗಡ ಕಳೆದರು. ನಡುವೆ 1881ರ ಬೇಸಗೆಯಲ್ಲಿ ಸ್ಕಾಟ್ಲೆಂಡಿಗೆ ಬಂದಾಗ ಬ್ರೇಮಾರ್ ಎಂಬಲ್ಲಿ ‘ಟ್ರೆಷರ್ ಐಲೆಂಡ್’ ಆರಂಭವಾಯಿತು, ಮುಗಿದದ್ದು ದಾವೋಸ್‌ನಲ್ಲಿ. ಬಳಿಕ ಫ್ರಾನ್ಸಿನ ಇಯೇರ್. ಅಲ್ಲಿ ಸುಖವಾಗಿದ್ದರೂ ರಕ್ತ ಕಾರುವುದು ನಿಲ್ಲಲಿಲ್ಲ. 1884ರಿಂದ ಮೂರು ವರ್ಷ ಇಂಗ್ಲೆಂಡಿನ ಬೋರ್ನ್‌ಮತ್. ಅಲ್ಲಿ ತಂದೆ ಸೊಸೆಗೆ ಒಂದು ಮನೆಯನ್ನು ಕೊಡಿಸಿದನು. ಮನೆತನದವರು ಕಟ್ಟಿದ ದೀಪಸ್ತಂಭವೊಂದರ ನೆನಪಿಗೆ ಅದಕ್ಕೆ ಸ್ಕೆರಿವೋರ್ ಎಂದು ಹೆಸರಿಟ್ಟರು. ಹಾಸಿಗೆ ಬಿಟ್ಟು ಏಳಲಾರದ ದಿನಗಳೇ ಹೆಚ್ಚಾಗಿದ್ದ ಆ ಮನೆಯಲ್ಲಿಯೇ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡರ ವಿಚಿತ್ರ ಕಥೆ ರಚಿತವಾಗಿ 1886ರಲ್ಲಿ ಹೊರಬಂದಿತು.

1887ರಲ್ಲಿ ತಂದೆ ತೀರಿಕೊಂಡನು. ತಾಯ್ನಾಡಿನ ಬಹು ದೊಡ್ಡ ಕಟ್ಟು ಕಳಚಿದಂತಾಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಹೆಂಡತಿ, ಮಲಮಗ ಮತ್ತು ವಿಧವೆಯಾದ ತಾಯಿಯೊಡನೆ ಅವನು ಅಮೆರಿಕಕ್ಕೆ ಹೊರಟನು. ಸಾರನ್ಯಾಕ್ ಸರೋವರದ ಬಳಿಯ ಘೋರ ಚಳಿಯಲ್ಲಿ ಒಂದು ಮಾಗಿಯನ್ನು ಕಳೆದು, 1888ರ ಜೂನ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಬಂದರಿನಿಂದ ಕ್ಯಾಸ್ಕೋ ಎಂಬ ಬಾಡಿಗೆಯ ಹಾಯಿಹಡಗಿನಲ್ಲಿ ಶಾಂತಸಾಗರಕ್ಕೆ ಇಳಿದನು. ಮಾರ್ಕೆಸಾಸ್, ತಹೀತಿ, ಹವಾಯಿ, ಗಿಲ್ಬರ್ಟ್ ದ್ವೀಪಗಳು ಒಂದರ ಹಿಂದೆ ಒಂದು ಬಂದವು. ಅಲ್ಲೊಂದು ಅದ್ಭುತ ನಡೆಯಿತು. ಕೊಠಡಿಯ ಕಿಟಕಿ ತೆರೆಯಲು ಅಂಜುತ್ತಿದ್ದವನು ಕಡಲಿನ ಬಿಸಿಗಾಳಿಯಲ್ಲಿ ಬರಿಗಾಲಲ್ಲಿ ಓಡಾಡತೊಡಗಿದನು. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ಎದೆ ತುಂಬ ಉಸಿರು ಸಿಕ್ಕಿತು.

1889ರ ಡಿಸೆಂಬರಿನಲ್ಲಿ ಅವನು ಸಾಮೋವಾ ದ್ವೀಪಸ್ತೋಮದ ಅಪಿಯಾ ಬಂದರಿನಲ್ಲಿ ಇಳಿದನು. ದ್ವೀಪಗಳಲ್ಲೆಲ್ಲ ಸಾಮೋವಾ ಅತಿ ಸುಂದರವೆಂದು ಅವನು ಅದನ್ನು ಆರಿಸಿಕೊಳ್ಳಲಿಲ್ಲ. ಅವನ ಕಾರಣ ಬಹಳ ಲೌಕಿಕವಾದದ್ದು, ಅದು ಟಪಾಲು! ಸಿಡ್ನಿಗೂ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೂ ನಡುವೆ ಓಡಾಡುವ ಟಪಾಲಿನ ಹಡಗುಗಳು ಸಾಮೋವಾದ ದಾರಿಯಾಗಿ ಹೋಗುತ್ತಿದ್ದವು. ಲೇಖನಿಯಿಂದಲೇ ದೊಡ್ಡ ಸಂಸಾರವನ್ನು ಸಾಕಬೇಕಾದವನಿಗೆ ಹಸ್ತಪ್ರತಿ ಪ್ರಕಾಶಕರನ್ನು ತಲಪುವ ದಾರಿ ಬೇಕು. ಎದೆಗೆ ಹಿತವಾದ ಹವೆ, ಹೊಟ್ಟೆಗೆ ದಾರಿಯಾದ ಟಪಾಲು, ಕೈಗೆಟಕುವ ಬೆಲೆಯ ಭೂಮಿ, ಈ ಮೂರೂ ಒಂದೆಡೆ ಕೂಡಿದ್ದು ಸಾಮೋವಾದಲ್ಲಿ. ಅಪಿಯಾದ ವರ್ತಕ ಹ್ಯಾರಿ ಮೂರ್ಸನ ಮುಖಾಂತರ ಊರಿನಿಂದ ಸುಮಾರು ಮೂರು ಮೈಲಿ ಒಳಗೆ, ವಾಯೇಯಾ ಬೆಟ್ಟದ ಬುಡದಲ್ಲಿ, ಮುನ್ನೂರು ಎಕರೆಗೂ ಮೀರಿದ ಕಾಡುಭೂಮಿಯನ್ನು ಕೊಂಡು ಅದಕ್ಕೆ ವೈಲಿಮಾ ಎಂದು ಹೆಸರಿಟ್ಟನು.

ಆಗಲೂ ಅವನಿಗೆ ತಾಯ್ನಾಡಿನ ಆಸೆ ಹೋಗಿರಲಿಲ್ಲ. ಒಮ್ಮೆ ಬ್ರಿಟನ್ನಿಗೆ ಹೋಗಿ ಬರಬೇಕೆಂದು ಎಣಿಸಿ 1890ರ ಆರಂಭದಲ್ಲಿ ಸಿಡ್ನಿಯವರೆಗೆ ಬಂದನು. ಅಲ್ಲಿಯೇ ಮತ್ತೆ ಹಾಸಿಗೆ ಹಿಡಿದನು. ಮತ್ತೆ ಬಿಸಿಲಿನ ಕಡಲಿಗೆ ಹಡಗು ಹತ್ತಿದ ಮೇಲೆಯೇ ಚೇತರಿಕೆ. ಸಿಡ್ನಿಯ ಹವೆಯೇ ತಾಳದವನು ಎಡಿನ್‌ಬರೋ ನಗರದ ಚಳಿಯನ್ನು ತಾಳುವುದುಂಟೆ? ತಾನು ಬದುಕಬೇಕಾದರೆ ತವರನ್ನು ಇನ್ನೆಂದೂ ಕಾಣಲಾಗದೆಂಬುದು ಅವನಿಗೆ ನಿಶ್ಚಯವಾಯಿತು. ಆಗ ಅವನ ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ. ಪರದೇಶವನ್ನು ಆರಿಸಿಕೊಳ್ಳುವುದೆಂದರೆ ಇನ್ನೊಂದು ದೇಶವನ್ನು ಬಿಟ್ಟುಕೊಡುವುದೂ ಹೌದೆಂಬ ಸತ್ಯವನ್ನು ಅವನಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಇಲ್ಲಿಯವರೆಗಿನದು ರೋಗಿಯೊಬ್ಬನ ಕಥೆ. ಇಲ್ಲಿಂದ ಮುಂದಿನದೇ ನನ್ನ ಮನಸ್ಸನ್ನು ಸೆಳೆದ ಭಾಗ. ಸಾಮೋವಾ ಆಗ ಶಾಂತಿಯ ಬೀಡಾಗಿರಲಿಲ್ಲ. ಜರ್ಮನಿ, ಬ್ರಿಟನ್, ಅಮೆರಿಕ, ಈ ಮೂರು ರಾಜ್ಯಗಳು ಆ ಪುಟ್ಟ ನಾಡಿನ ಮೇಲೆ ಕಣ್ಣಿಟ್ಟಿದ್ದವು. 1889ರ ಮಾರ್ಚಿಯಲ್ಲಿ ಮೂವರ ಯುದ್ಧನೌಕೆಗಳೂ ಅಪಿಯಾ ಬಂದರಿನಲ್ಲಿ ಮುಖಾಮುಖಿ ನಿಂತಿದ್ದಾಗ ಚಂಡಮಾರುತ ಬೀಸಿ, ಜರ್ಮನಿಯ ಮೂರು, ಅಮೆರಿಕದ ಮೂರು ನೌಕೆಗಳು ಒಡೆದುವು ಇಲ್ಲವೆ ದಡಕ್ಕೆ ಬಿದ್ದುವು. ಬ್ರಿಟಿಷರ ಕ್ಯಾಲಿಯೋಪ್ ಒಂದೇ ತಪ್ಪಿಸಿಕೊಂಡಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಮೂವರೂ ಒಪ್ಪಂದ ಮಾಡಿಕೊಂಡು ಲೌಪೇಪ ಎಂಬವನನ್ನು ರಾಜನೆಂದು ಮಾನ್ಯ ಮಾಡಿದರು. ಜನರಲ್ಲಿ ಬಹುಮಂದಿಯ ಗೌರವಕ್ಕೆ ಪಾತ್ರನಾಗಿದ್ದ ಮತಾಫಾ ಹೊರಗುಳಿದನು.

ಸ್ಟೀವನ್‌ಸನ್ ಇದನ್ನೆಲ್ಲ ಕಂಡೂ ಕಾಣದಂತೆ ಇರಬಹುದಾಗಿತ್ತು. ಅವನಿಗೆ ಬೇಕಾದದ್ದು ಉಸಿರು, ಅದು ಸಿಕ್ಕಿತ್ತು. ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಬದುಕಿದ ಬಿಳಿಯರು ಆ ಬಂದರಿನಲ್ಲಿ ಎಷ್ಟೋ ಮಂದಿ ಇದ್ದರು. ಅವನು ಹಾಗೆ ಮಾಡಲಿಲ್ಲ. ಸಾಮೋವಾ ಭಾಷೆಯನ್ನು ಕಲಿತನು. 1891ರಲ್ಲಿ ಅವನ ಕಥೆಯೊಂದು ಸಾಮೋವಾ ಭಾಷೆಯಲ್ಲಿಯೇ ಅಲ್ಲಿಯ ಮಿಷನರಿ ಪತ್ರಿಕೆಯಲ್ಲಿ ಅಚ್ಚಾಯಿತು. ಜನರು ಅವನನ್ನು ಕಥೆಗಾರನೆಂಬ ಅರ್ಥದಲ್ಲಿ ತುಸಿತಾಲ ಎಂದು ಕರೆದರು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಅವನು ಅಧಿಕಾರಿಗಳ ಅನ್ಯಾಯಗಳನ್ನು ಕುರಿತು ಪತ್ರಗಳನ್ನು ಬರೆದನು. 1892ರಲ್ಲಿ ಸಾಮೋವಾದ ಎಂಟು ವರ್ಷಗಳ ಕಲಹವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಕಾದಂಬರಿ ಬರೆಯುವುದನ್ನು ಬಿಟ್ಟು ದೂರದ ದ್ವೀಪದ ರಾಜಕೀಯದಲ್ಲಿ ಕಾಲ ಕಳೆಯುತ್ತಾನೆಂದು ಲಂಡನ್ನಿನ ಗೆಳೆಯರು ಬೇಸರಗೊಂಡರು. ದ್ವೀಪದಿಂದಲೇ ಅವನನ್ನು ಹೊರಗೆ ಹಾಕುವರೆಂಬ ಭಯವೂ ಒಮ್ಮೆ ಹುಟ್ಟಿತು. ಗಡೀಪಾರೆಂದರೆ ಅವನ ಪಾಲಿಗೆ ಬರಿಯ ಅವಮಾನವಲ್ಲ, ಬಿಟ್ಟ ಚಳಿಗೆ ಮರಳಬೇಕಾದ ಅಪಾಯ. ಆದರೂ ಅವನು ಲೇಖನಿಯನ್ನು ಕೆಳಗಿಡಲಿಲ್ಲ.

1893ರಲ್ಲಿ ಯುದ್ಧ ನಡೆದೇ ಹೋಯಿತು. ಮತಾಫಾ ಸೋತನು, ಅವನನ್ನು ಮಾರ್ಷಲ್ ದ್ವೀಪಗಳಿಗೆ ಗಡೀಪಾರು ಮಾಡಿದರು. ಅವನ ಕಡೆಯ ನಾಯಕರನ್ನು ಅಪಿಯಾದ ಸೆರೆಮನೆಗೆ ತಳ್ಳಿದರು. ಸ್ಟೀವನ್‌ಸನ್ ಆ ಸೆರೆಯಾಳುಗಳನ್ನು ಹೋಗಿ ಕಂಡನು; ಹೊಗೆಸೊಪ್ಪು ಮೊದಲಾದವನ್ನು ಕೊಟ್ಟನು. 1894ರಲ್ಲಿ ಬಿಡುಗಡೆ ಹೊಂದಿದ ಆ ನಾಯಕರು ನೇರವಾಗಿ ಮನೆಗೆ ಹೋಗಿ ಕೂರಲಿಲ್ಲ. ವೈಲಿಮಾದ ಮನೆಗೆ ಹೋಗುವ ಕಾಡುದಾರಿಯನ್ನು ತಾವೇ ಕಡಿದು ರಸ್ತೆ ಮಾಡಿಕೊಟ್ಟರು. ನಾಯಕಪದವಿಯವರು ಮೈಮುರಿದು ರಸ್ತೆ ಮಾಡುವುದು ಆ ನಾಡಿನಲ್ಲಿ ಸಾಮಾನ್ಯ ಸಂಗತಿಯಲ್ಲ. ಪ್ರೀತಿಯ ಹೃದಯಗಳ ರಸ್ತೆಯೆಂದು ಅದಕ್ಕೆ ಹೆಸರಾಯಿತು. ರಸ್ತೆ ಮುಗಿದಾಗ ಸ್ಟೀವನ್‌ಸನ್ ಅವರಿಗೆ ಔತಣವನ್ನಿತ್ತು ಭಾಷಣ ಮಾಡಿದನು. ನಾಡನ್ನು ಉಳಿಸಿಕೊಳ್ಳುವ ದಾರಿ ಕಾದಾಟವಲ್ಲ. ಭೂಮಿಯನ್ನು ಸಾಗು ಮಾಡಿ, ರಸ್ತೆ ಹಾಕಿ, ಗಿಡ ನೆಟ್ಟು ದುಡಿಯದಿದ್ದರೆ ಅನ್ಯರು ಬಂದು ಅದನ್ನು ಕಸಿದುಕೊಳ್ಳುವರು ಎಂಬುದು ಆ ಭಾಷಣದ ಸಾರ. ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಕುಲಗಳು ಹೇಗೆ ನೆಲ ಕಳೆದುಕೊಂಡವೆಂಬುದನ್ನು ಅವನು ಬಲ್ಲವನಾಗಿದ್ದನು. ತಾಯ್ನಾಡಿನ ನೋವೇ ಪರನಾಡಿನ ನೋವನ್ನು ಅರಿಯುವ ಕಣ್ಣಾಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಅವನೂ ಬಿಳಿಯ ಜಮೀನುದಾರನೇ ಅಲ್ಲವೆ? ದೊಡ್ಡ ಮನೆ, ಆಳುಕಾಳು, ಹೊರನಾಡಿನಿಂದ ಬರುವ ಹಣ ಇವೆಲ್ಲ ಅವನಿಗಿದ್ದುವಲ್ಲವೆ? ಇದ್ದುವು. ಅವನು ಸಂತನೆಂದು ನಾನು ವಾದಿಸುವುದಿಲ್ಲ. ಆದರೆ ತನಗೆ ಉಸಿರು ಕೊಟ್ಟ ನೆಲಕ್ಕೆ ತಾನು ಸಾಲಗಾರನೆಂದು ತಿಳಿದು ನಡೆದುಕೊಂಡನು. ಅದೇ ಅವನ ದೊಡ್ಡತನ.

ತವರಿನ ನೆನಪು ಅವನನ್ನು ಬಿಟ್ಟಿತೆಂದು ತಿಳಿಯಬಾರದು. ಬೆವರು ಸುರಿಯುವ ಆ ನಾಡಿನ ಮನೆಯಲ್ಲಿ ಅವನು ಬೆಂಕಿಗೂಡೊಂದನ್ನು ಕಟ್ಟಿಸಿದ್ದನು! ನಮ್ಮ ಪಂಚೆಯಂತೆ ಸೊಂಟಕ್ಕೆ ಸುತ್ತುವ ಸಾಮೋವಾದ ಉಡುಪು ಅವನ ಮನೆಯ ಆಳುಗಳ ಮೈಮೇಲೆ ಸ್ಕಾಟ್ಲೆಂಡಿನ ಚೌಕುಳಿ ಬಟ್ಟೆಯದಾಗಿತ್ತು. ಶಾಂತಸಾಗರದ ಕಥೆಗಳನ್ನು ಬರೆದಂತೆಯೇ ಅವನು ಅಲ್ಲಿ ಕುಳಿತು ಸ್ಕಾಟ್ಲೆಂಡಿನ ಕಥೆಗಳನ್ನೂ ಬರೆದನು. ‘ಕ್ಯಾಟ್ರಿಯೋನಾ’ 1893ರಲ್ಲಿ ಬಂದಿತು. ‘ವಿಯರ್ ಆಫ್ ಹರ್ಮಿಸ್ಟನ್’ ಎಂಬ ಸ್ಕಾಟ್ಲೆಂಡಿನ ಕಾದಂಬರಿಯನ್ನು ಮಲಮಗಳಿಗೆ ಹೇಳಿ ಬರೆಸುತ್ತಿದ್ದನು. 1894ನೆಯ ಡಿಸೆಂಬರ್ 3ರ ಬೆಳಿಗ್ಗೆಯೂ ಆ ಕೆಲಸ ನಡೆಯಿತು. ಸಂಜೆ ಊಟದ ಸಿದ್ಧತೆಯಲ್ಲಿ ಹೆಂಡತಿಗೆ ನೆರವಾಗುತ್ತಿದ್ದಾಗ ತಲೆಗೆ ಕೈಯಿಟ್ಟು ಕುಸಿದನು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು; ಅದೇ ರಾತ್ರಿ ಪ್ರಾಣ ಹೋಯಿತು. ಬಾಳೆಲ್ಲ ಅಂಜಿಸಿದ ಶ್ವಾಸಕೋಶ ಅವನನ್ನು ಕೊಲ್ಲಲಿಲ್ಲ. ಆಗ ಅವನಿಗೆ ನಲವತ್ತನಾಲ್ಕು ವರ್ಷ. ಕಾದಂಬರಿ ಅಪೂರ್ಣವಾಗಿಯೇ ಉಳಿಯಿತು.

ವಾಯೇಯಾ ಬೆಟ್ಟದ ನೆತ್ತಿಯಲ್ಲಿ ತನ್ನನ್ನು ಮಣ್ಣು ಮಾಡಬೇಕೆಂಬುದು ಅವನ ಆಸೆಯಾಗಿತ್ತು. ಬೆಟ್ಟಕ್ಕೆ ದಾರಿಯಿರಲಿಲ್ಲ. ಸಾಮೋವಾದ ಜನರು ಕೊಡಲಿ ಕತ್ತಿಗಳನ್ನು ಹಿಡಿದು ಕಾಡನ್ನು ಕಡಿದು ದಾರಿ ಮಾಡಿ, ತುಸಿತಾಲನನ್ನು ಹೆಗಲ ಮೇಲೆ ಹೊತ್ತು ಆ ಕಡಿದಾದ ಬೆಟ್ಟವನ್ನು ಏರಿದರು. 1914ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ ಫ್ಯಾನಿಯ ಚಿತಾಭಸ್ಮವನ್ನೂ ಮರುವರ್ಷ ಅಲ್ಲಿಗೇ ತಂದರು. ಜರ್ಮನರೂ ನ್ಯೂಜಿಲೆಂಡಿನವರೂ ಆಳಿ ಹೋದ ಮೇಲೆ ಪಶ್ಚಿಮ ಸಾಮೋವಾ 1962ರಲ್ಲಿ ಸ್ವತಂತ್ರವಾಯಿತು. ವೈಲಿಮಾದ ಮನೆ 1994ರಲ್ಲಿ, ಅವನು ಸತ್ತ ನೂರನೆಯ ವರ್ಷದಲ್ಲಿ, ವಸ್ತುಸಂಗ್ರಹಾಲಯವಾಯಿತು.

ಅವನು ಆ ನಾಡಿನಲ್ಲಿ ನೆಲೆಯಾಗಿ ಬಾಳಿದ್ದು ನಾಲ್ಕೇ ವರ್ಷ. ನಮ್ಮಲ್ಲಿ ಯಾರಾದರೂ ನಾಳೆ ಹೊರನಾಡನ್ನು ಆರಿಸಿಕೊಳ್ಳುವುದಾದರೆ ಹವೆಯನ್ನೂ ಆದಾಯವನ್ನೂ ನೋಡಲಿ. ಸ್ಟೀವನ್‌ಸನ್ನನೂ ಅವನ್ನು ನೋಡಿಯೇ ಆರಿಸಿದನು, ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಅಲ್ಲಿಯ ಜನರ ಭಾಷೆಯನ್ನು ಕಲಿಯುವೆನೆ, ಅವರ ಕಷ್ಟಕ್ಕೆ ಬಾಯಿಯಾಗುವೆನೆ, ಬಿಟ್ಟುಬಂದ ನಾಡನ್ನು ಮರೆಯದೆ ಇರುವೆನೆ ಎಂಬ ಈ ಮೂರು ಪ್ರಶ್ನೆಗಳನ್ನೂ ಹೊರಡುವ ಮೊದಲೇ ತಮ್ಮಲ್ಲಿ ಕೇಳಿಕೊಳ್ಳಲಿ. ಎಷ್ಟು ವರ್ಷ ಇದ್ದೆವೆಂಬುದರ ಲೆಕ್ಕ ಸರಕಾರದ ದಫ್ತರದಲ್ಲಿ ಇರುತ್ತದೆ. ಅಲ್ಲಿಯವರಾದೆವೊ ಇಲ್ಲವೊ ಎಂಬುದನ್ನು ಹೇಳಬೇಕಾದವರು ಅಲ್ಲಿಯ ಜನ.